ಪಾಲಾದ ಸತ್ಯವೇದವೂ ಸೂಲಗಿತ್ತಿ ಕೆಂಪಮ್ಮನೂ

ಕ್ರೈಸ್ತರ ಮನೆಯಲ್ಲಿ ಹುಟ್ಟಿ, ದೀಕ್ಷಾಸ್ನಾನ ಮಾಡಿಸಿಕೊಂಡು, ಭಾನುವಾರ ತಪ್ಪದೆ ಆರಾಧನೆಗೆ ಹೋಗಿಯೂ, ಒಂದು ಇಡೀ ಡಿಸೆಂಬರ್ ತಿಂಗಳನ್ನು ಯೇಸುಸ್ವಾಮಿ ಈ ಸಲ ಹುಟ್ಟುತ್ತಾರೋ ಇಲ್ಲವೋ ಎಂಬ ಅನುಮಾನದಲ್ಲಿ ಕಳೆದವಳು ನಾನು. ಆಗ ನನಗೆ ಒಂಬತ್ತು ವರ್ಷ. ಅನುಮಾನಕ್ಕೆ ಕಾರಣ ನಾಸ್ತಿಕತೆಯಲ್ಲ. ಆ ವಯಸ್ಸಿನಲ್ಲಿ ಕಜ್ಜಾಯಕ್ಕಿಂತ ಆಳವಾದ ತತ್ವ ಯಾವುದೂ ನನಗೆ ಗೊತ್ತಿರಲಿಲ್ಲ. ಈಗಲೂ ಬಹಳ ಗೊತ್ತಿದೆ ಎಂದು ಹೇಳಲಾರೆ. ಕಾರಣ ಇಷ್ಟೆ: ಆ ವರ್ಷ ನಮ್ಮ ಮನೆಯ ಸತ್ಯವೇದ ಪಾಲಾಗಿತ್ತು, ಸ್ವಾಮಿ ಹುಟ್ಟುವ ಭಾಗ ಚಿಕ್ಕಪ್ಪನ ಕಡೆಗೆ ಹೋಗಿತ್ತು.

ಇದು ಮಹಾರಾಜರ ಕಾಲದ ಹುಣಸೂರಿನ ಮಾತು. ನನ್ನ ಅಪ್ಪ ಸಮುವೇಲ, ಚಿಕ್ಕಪ್ಪ ದಾವೀದ, ಇಬ್ಬರೂ ಎತ್ತಿನ ಗಾಡಿ ಮಾಡುವ ಬಡಗಿಗಳು. ಊರಿನವರ ಬಾಯಲ್ಲಿ ಸಾಮೇಲಪ್ಪ, ದಾವಿದಪ್ಪ. ಒಂದೇ ಮನೆ, ಒಂದೇ ಕೊಟ್ಟಿಗೆ, ಒಂದೇ ಉಳಿಪೆಟ್ಟಿಗೆ. ಭೇರ್ಯದ ಗೌಡರೊಬ್ಬರಿಗೆ ಗಾಡಿ ಮಾಡಿಕೊಡುವಾಗ ಅಪ್ಪ ಒಂದು ಚಕ್ರ ಮಾಡಿದರು, ಚಿಕ್ಕಪ್ಪ ಇನ್ನೊಂದು. ಗಾಡಿ ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಆದರೆ ಎಡಕ್ಕೆ ಎಳೆಯುತ್ತಿತ್ತು. ಗೌಡರು ತೂಕಡಿಸಿಕೊಂಡು ಊರಿಗೆ ಹೊರಟವರು ಕಣ್ಣು ಬಿಟ್ಟಾಗ ಪಿರಿಯಾಪಟ್ಟಣದ ದಾರಿಯಲ್ಲಿದ್ದರಂತೆ. ಹಿಂದಕ್ಕೆ ತಂದು ಅಳೆದು ನೋಡಿದರೆ ಒಂದು ಚಕ್ರ ಇನ್ನೊಂದಕ್ಕಿಂತ ಎರಡು ಬೆರಳು ದೊಡ್ಡದು. ದೊಡ್ಡದು ತಪ್ಪೋ ಚಿಕ್ಕದು ತಪ್ಪೋ ಎಂಬ ಪ್ರಶ್ನೆ ಹುಟ್ಟಿತು. ಹದಿನೈದು ದಿನದಲ್ಲಿ ಮನೆಯ ನಡುವೆ ಗೋಡೆ ಎದ್ದಿತು.

ಮಡಕೆ, ಮಂಚ, ಮರಮುಟ್ಟು ಎಲ್ಲ ಹಂಚಿದ ಮೇಲೆ ತಾತನ ಕಾಲದ ದಪ್ಪ ಸತ್ಯವೇದ ಒಂದು ಉಳಿಯಿತು. ಇಬ್ಬರೂ ನನಗೇ ಬೇಕೆಂದರು. ಪಂಚಾಯಿತಿಗೆ ಬಂದಿದ್ದ ನಮ್ಮ ಸಭೆಯ ಉಪದೇಶಿಗಳು ಓದಿಕೊಂಡವರು. ಸೊಲೊಮೋನ ಅರಸನ ಮುಂದೆ ಇಬ್ಬರು ಹೆಂಗಸರು ಒಂದು ಮಗುವಿಗಾಗಿ ಜಗಳವಾಡಿದ್ದು, ಅರಸ ಮಗುವನ್ನು ಎರಡಾಗಿ ಕಡಿಸುತ್ತೇನೆಂದು ಕತ್ತಿ ತರಿಸಿದ್ದು, ಹೆತ್ತವಳು ಬೇಡವೆಂದು ಅತ್ತದ್ದು ಅವರಿಗೆ ನೆನಪಾಯಿತು. ತೊಗಲು ಕತ್ತರಿಸುವ ಬಾಕು ತರಿಸಿ, ಪ್ರವಾದಿಗಳ ಹಳೆಯ ಒಡಂಬಡಿಕೆ ಮುಗಿದು ಸ್ವಾಮಿಯ ಹೊಸ ಒಡಂಬಡಿಕೆ ಶುರುವಾಗುವ ಜಾಗಕ್ಕೆ ಇಟ್ಟು, ಇಬ್ಬರ ಮುಖವನ್ನೂ ನೋಡಿದರು. ಯಾರೂ ಅಳಲಿಲ್ಲ. ಅಪ್ಪ ಬಗ್ಗಿ, ಬಾಕು ನೇರವಾಗಿದೆಯೇ ಎಂದು ಬಡಗಿಯ ಕಣ್ಣಿನಿಂದ ನೋಡಿದರು. ಚಿಕ್ಕಪ್ಪ, ಕೊಂಚ ಬಲಕ್ಕೆ ಎಂದರು. ಉಪದೇಶಿಗಳು ಬೇರೆ ದಾರಿ ಕಾಣದೆ ಕೊಯ್ದರು. ಆಮೇಲೆ ಮನೆಗೆ ಹೋಗಿ ಜ್ವರ ಬಂದು ಮಲಗಿದವರು ಆ ಡಿಸೆಂಬರ್ ಮುಗಿಯುವವರೆಗೂ ಮೇಲೇಳಲಿಲ್ಲ; ಸಭೆಯಲ್ಲೂ ಓದಿ ಹೇಳುವವರಿಲ್ಲವಾಯಿತು.

ಹಿರಿಯರಾದ್ದರಿಂದ ಆರಿಸಿಕೊಳ್ಳುವ ಹಕ್ಕು ಅಪ್ಪನದು. ಅವರು ಎರಡು ಭಾಗವನ್ನೂ ಕೈಯಲ್ಲಿ ತೂಗಿ ದಪ್ಪನೆಯದನ್ನು ತೆಗೆದುಕೊಂಡರು. ಮುಕ್ಕಾಲು ಪಾಲು ನಮಗೇ ಬಂತು ಎಂದು ಆ ಸಂಜೆ ಎರಡು ತುತ್ತು ಹೆಚ್ಚು ಉಂಡರು. ಮುಂದೆ ಡಿಸೆಂಬರ್ ಎಂಬುದೊಂದು ಬರುತ್ತದೆ ಎನ್ನುವುದು ಅಮ್ಮನೊಬ್ಬಳಿಗೇ ನೆನಪಿತ್ತೆಂದು ಕಾಣುತ್ತದೆ.

ಕ್ರಿಸ್‌ಮಸ್ಸಿಗೆ ಮೊದಲಿನ ನಾಲ್ಕು ವಾರ ನಮ್ಮವರಿಗೆ ಆಗಮನ ಕಾಲ. ದಿನವೂ ಹೊತ್ತು ಮುಳುಗುವಾಗ ದೀಪ ಹಚ್ಚಿ ಒಂದೊಂದು ಭಾಗ ಓದಬೇಕು. ಪ್ರವಾದಿಗಳಿಂದ ಹಿಡಿದು ಬೆತ್ಲೆಹೇಮಿನ ಕೊಟ್ಟಿಗೆಯವರೆಗೆ. ಕೊಟ್ಟಿಗೆ ತಲುಪಿದ ದಿನ ಬಾಣಲೆ ಒಲೆಗೇರುತ್ತದೆ, ಕಜ್ಜಾಯ ಆಗುತ್ತದೆ. ತಾತನ ಕಾಲದಿಂದ ನಡೆದು ಬಂದ ಕ್ರಮ. ಆ ವರ್ಷ ಅಪ್ಪ ಒಂದು ಹೊಸ ಕಾನೂನು ಸೇರಿಸಿದರು: ನಮ್ಮ ಪಾಲಿನಲ್ಲಿ ಇರುವುದನ್ನಷ್ಟೇ ಓದಬೇಕು, ಇಲ್ಲದ್ದನ್ನು ಬಾಯಿಮಾತಿನಲ್ಲೂ ಹೇಳಕೂಡದು. ಅದು ದಾವೀದನ ಸ್ವತ್ತು, ನಮಗೆ ಯಾರ ಹಂಗೂ ಬೇಡ ಎಂದರು. ಅಮ್ಮ ಅಡುಗೆಮನೆಯಲ್ಲಿ ಸ್ವಾಮಿ ಹುಟ್ಟಿದ ಕೀರ್ತನೆಯೊಂದನ್ನು ಗುನುಗಿದರೆ ಹಜಾರದಿಂದ ಕೆಮ್ಮು ಕೇಳಿಸುತ್ತಿತ್ತು. ಅವಳು ಪದ ಬಿಟ್ಟು ರಾಗ ಮಾತ್ರ ಹಾಡತೊಡಗಿದಳು. ರಾಗ ಯಾರ ಪಾಲಿಗೂ ಬರೆದಿರಲಿಲ್ಲವಲ್ಲ.

ನಾನು ಮುಂದೆ ಮೇಷ್ಟರಮ್ಮನಾಗಿ ಕೃಷ್ಣರಾಜನಗರದಲ್ಲಿ ಎಷ್ಟೋ ವರ್ಷ ವ್ಯಾಕರಣ ಕಲಿಸಿದೆ. ಕಾಲಗಳ ಪಾಠಕ್ಕೆ ಬಂದಾಗಲೆಲ್ಲ ನನಗೆ ಆ ಗೋಡೆ ನೆನಪಾಗುತ್ತಿತ್ತು. ನಮ್ಮ ಕಡೆ ಬರೀ ಭವಿಷ್ಯತ್ಕಾಲ: ಬರುವನು, ಹುಟ್ಟುವನು, ಆಳುವನು. ಚಿಕ್ಕಪ್ಪನ ಕಡೆ ಬರೀ ಭೂತಕಾಲ: ಬಂದನು, ಹುಟ್ಟಿದನು, ಹೋದನು. ವರ್ತಮಾನ ಕಾಲದಲ್ಲಿ ಇದ್ದವಳು ಕೆಂಪಮ್ಮ ಒಬ್ಬಳೇ.

ಕೆಂಪಮ್ಮ ಎದುರು ಮನೆಯ ಸೂಲಗಿತ್ತಿ. ಒಕ್ಕಲಿಗರ ಮುದುಕಿ. ನನ್ನನ್ನೂ ತಂಗಿಯನ್ನೂ ಚಿಕ್ಕಪ್ಪನ ನಾಲ್ಕು ಮಕ್ಕಳನ್ನೂ ಭೂಮಿಗೆ ತಂದ ಕೈ ಅವಳದು. ಸಂಜೆ ನಮ್ಮ ಜಗಲಿಗೆ ಬಂದು ಎಲೆ ಅಡಿಕೆ ಕುಟ್ಟುತ್ತ ಅಪ್ಪ ಓದುವುದನ್ನು ಕೇಳುವುದು ಅವಳ ಹಳೆಯ ಅಭ್ಯಾಸ. ಬೇರೆ ವರ್ಷಗಳಲ್ಲಿ ಅರ್ಧ ಕೇಳಿ ಅರ್ಧ ತೂಕಡಿಸುತ್ತಿದ್ದಳು. ಆ ವರ್ಷ ಮೊದಲ ಸಂಜೆಯೇ ಅಪ್ಪ, ಕನ್ಯೆಯೊಬ್ಬಳು ಗರ್ಭವತಿಯಾಗಿ ಮಗನನ್ನು ಹೆರುವಳೆಂದು ಪ್ರವಾದಿ ಹೇಳಿದ ಭಾಗ ಓದಿದ್ದೇ ಕುಟ್ಟಾಣಿ ನಿಂತಿತು.

"ಎಷ್ಟು ತಿಂಗ್ಳು ಈಗ?" ಎಂದಳು.

ಅಪ್ಪ, ಇದು ಈಗಿನ ಮಾತಲ್ಲ, ಹುಟ್ಟುವುದಕ್ಕೆ ನೂರಾರು ವರ್ಷ ಮುಂಚೆ ಹೇಳಿದ್ದು ಎಂದು ವಿವರಿಸಿದರು.

"ಅಷ್ಟು ಮುಂಚೇನೇ ಗಂಡು ಅಂತ ಏಳ್ಬುಟ್ರಾ? ನಂಗೆ ಒಂಬತ್ತು ತುಂಬಿದ್ರೂ ಏಳಕ್ಕಾಗಕಿಲ್ಲ ಕಣಪ್ಪ" ಎಂದು ಕೆಂಪಮ್ಮ ಪ್ರವಾದಿಯ ಬಗ್ಗೆ ಬಹಳ ಗೌರವ ತಾಳಿದಳು.

ಆ ಗೌರವ ಒಂದು ವಾರ ಉಳಿಯಿತು. ಮಗುವಿಗೆ ಹುಟ್ಟುವ ಮೊದಲೇ ನಾಲ್ಕು ನಾಲ್ಕು ಹೆಸರಿಟ್ಟದ್ದು ಅವಳಿಗೆ ಸರಿಬರಲಿಲ್ಲ. ಹುಟ್ಟುವ ಊರು ಬೆತ್ಲೆಹೇಮು ಎಂದು ತಿಳಿದಾಗ ಎಷ್ಟು ದೂರ ಎಂದು ವಿಚಾರಿಸಿದಳು. ಎರಡನೆಯ ವಾರವೂ ಕಳೆಯಿತು. ಅಪ್ಪ ಬರುವನು, ಬರುವನು ಎಂದೇ ಓದುತ್ತಿದ್ದರು. ಕೆಂಪಮ್ಮನ ಮುಖದಲ್ಲಿ ಕಸುಬಿನ ಆತಂಕ ಕಾಣಿಸಿಕೊಂಡಿತು. ದಿನ ತುಂಬಿದ ಮೇಲೂ ಹೀಗೆ ತಡೆದರೆ ತಾಯಿಗೂ ಒಳ್ಳೆಯದಲ್ಲ, ಮಗುವಿಗೂ ಒಳ್ಳೆಯದಲ್ಲ, ಮುಂದೇನಾಯಿತು ಹೇಳು ಎಂದು ಪಟ್ಟು ಹಿಡಿದಳು. ಅಪ್ಪ ಬಹಳ ಹೊತ್ತು ಪುಟ ತಿರುವಿ, ಕೊನೆಗೆ ಗೋಡೆಯ ಕಡೆ ಕೈ ತೋರಿಸಿ, ಮುಂದಿನದು ಅಲ್ಲಿದೆ ಎಂದರು.

ಕೆಂಪಮ್ಮ ಎದ್ದು ಚಿಕ್ಕಪ್ಪನ ಬಾಗಿಲಿಗೆ ಹೋದಳು. ಅಲ್ಲಿನ ಕಷ್ಟ ಬೇರೆ. ಚಿಕ್ಕಪ್ಪ ನಿಧಾನದ ಮನುಷ್ಯ, ತಗ್ಗಿದ ದನಿಯಲ್ಲಿ ಅಕ್ಷರ ಕೂಡಿಸಿಕೊಂಡು ಓದುವವರು. ಅವರ ಪಾಲಿನಲ್ಲಿ ನಾಲ್ಕು ಸಾಲಿಗೊಮ್ಮೆ, ಪ್ರವಾದಿಯ ಮಾತು ನೆರವೇರುವಂತೆ ಹೀಗಾಯಿತು ಎಂದು ಬರುತ್ತಿತ್ತು. ಯಾವ ಪ್ರವಾದಿ, ಎಲ್ಲಿ ಹೇಳಿದ್ದು ಎಂದು ಅವರ ಮಕ್ಕಳು ಕೇಳಿದರೆ ತೆಗೆದು ತೋರಿಸುವಂತಿರಲಿಲ್ಲ. ಪ್ರವಾದಿಗಳೆಲ್ಲ ಗೋಡೆಯ ಈಚೆ, ನಮ್ಮ ಜೊತೆ ವಾಸವಾಗಿದ್ದರು.

ಅಂದಿನಿಂದ ಕೆಂಪಮ್ಮ ಎರಡು ಮನೆಗೂ ಓಡಾಡತೊಡಗಿದಳು. ಅಲ್ಲಿ ಕೇಳಿದ್ದನ್ನು ಇಲ್ಲಿ ಬಂದು ಹೇಳುವಳು. ಹೊರಗಿನವಳಾದ ಅವಳ ಮಾತನ್ನು ತಡೆಯುವುದಕ್ಕೆ ಅಪ್ಪನ ಕಾನೂನಿನಲ್ಲಿ ಅವಕಾಶವಿರಲಿಲ್ಲ. ಹುಡುಗಿಯ ಹೆಸರು ಮರಿಯಳು, ಒಳ್ಳೆಯ ಮಗು, ಗಂಡ ನಿಮ್ಮ ಕಸುಬಿನವನೇ, ಬಡಗಿ ಎಂದಳು. ಅಪ್ಪನಿಗೆ ಗೊತ್ತಿದ್ದ ಸಂಗತಿಯೇ. ಆದರೂ ಏನೋ ಹೊಸದು ಕೇಳಿದವರ ಹಾಗೆ ತಲೆಯಾಡಿಸಿದರು.

ಕ್ರಿಸ್‌ಮಸ್ಸಿಗೆ ನಾಲ್ಕು ದಿನ ಇರುವಾಗ ಕೆಂಪಮ್ಮ ಉರಿಯುವ ಮುಖದಲ್ಲಿ ಬಂದಳು. ಆ ದೇಶದ ದೊರೆ ಜನಗಣತಿಗೆ ಅಪ್ಪಣೆ ಮಾಡಿದ್ದಾನೆ, ಪ್ರತಿಯೊಬ್ಬರೂ ಅವರವರ ಪೂರ್ವಿಕರ ಊರಿಗೆ ಹೋಗಿ ಹೆಸರು ಬರೆಸಬೇಕಂತೆ, ಆ ಬಡಗಿ ದಿನ ತುಂಬಿದ ಹೆಂಡತಿಯನ್ನು ಹೊರಡಿಸಿಕೊಂಡು ಹೋಗಿದ್ದಾನಂತೆ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವಷ್ಟಲ್ಲ, ಅದಕ್ಕೂ ಎಷ್ಟೋ ದೂರ. ಗಂಡಸರಿಗೆ ಬುದ್ಧಿ ಇಲ್ಲ ಸರಿ, ಆ ಊರಿನಲ್ಲಿ ಶಾನುಭೋಗನಿಗೂ ಇಲ್ಲವೇ ಎಂದು ಅವಳ ವಾದ. ಹುಡುಗಿ ಹೆತ್ತು ಸುಧಾರಿಸಿಕೊಳ್ಳುವವರೆಗೂ ಮುಂದೆ ಒಂದು ಅಕ್ಷರ ಓದಕೂಡದು ಎಂದು ಚಿಕ್ಕಪ್ಪನಿಗೆ ಕಟ್ಟಪ್ಪಣೆ ಮಾಡಿ ಬಂದಿದ್ದಳು. ಚಿಕ್ಕಪ್ಪ ಅವಳಿಗೆ ಎದುರಾಡಿದವರಲ್ಲ. ಪುಸ್ತಕ ಮುಚ್ಚಿಟ್ಟರು.

ಈಗ ನೋಡಿ ನನ್ನ ಸ್ಥಿತಿ. ಈ ಮನೆಯಲ್ಲಿ ಹುಟ್ಟುವ ಭಾಗ ಇಲ್ಲ, ಆ ಮನೆಯಲ್ಲಿ ಮರಿಯಳು ನಡುದಾರಿಯಲ್ಲಿ ನಿಂತಿದ್ದಾಳೆ. ಅಕ್ಕಿ ನೆನೆಸುವುದೋ ಬೇಡವೋ ಎಂದು ಅಮ್ಮ ಕೇಳಿದರೆ ಅಪ್ಪ ದೀಪದ ಬತ್ತಿ ಸರಿಮಾಡಿದರು. ಮೂರು ಸಂಜೆ ಗೋಡೆಯ ಎರಡು ಕಡೆಯೂ ದೀಪ ಹಚ್ಚಿದರು, ಎರಡು ಕಡೆಯೂ ಪುಸ್ತಕ ಮುಚ್ಚಿಕೊಂಡು ಕೂತರು. ಗೋಡೆ ಕೂತವರ ಎದೆಮಟ್ಟಕ್ಕೇ ಇಟ್ಟಿಗೆ ಮುಗಿದು ನಿಂತಿತ್ತು. ಅದರ ಮೇಲಿಂದ ಚಿಕ್ಕಪ್ಪನ ತಲೆ ಕಾಣುತ್ತಿತ್ತು, ಅವರಿಗೆ ಅಪ್ಪನದು. ನೋಡದ ಹಾಗೆ ಕೂರುವುದಕ್ಕೆ ಇಬ್ಬರೂ ಬಹಳ ಕಷ್ಟಪಡುತ್ತಿದ್ದರು. ಅಮ್ಮ ಒಂದು ಸಂಜೆ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ಕಜ್ಜಾಯಕ್ಕೆಂದೇ ತಿಳಿದೆ.

ಇಪ್ಪತ್ತನಾಲ್ಕನೆಯ ತಾರೀಖು ಸಂಜೆ ಕೆಂಪಮ್ಮ ಬಂದಳು. ಎಂದಿನ ಕುಟ್ಟಾಣಿ ಇರಲಿಲ್ಲ. ಕೈಯಲ್ಲಿ ಹೆರಿಗೆಗೆ ಹೋಗುವಾಗ ಒಯ್ಯುವ ಗಂಟು: ಹರಳೆಣ್ಣೆಯ ಕುಡಿಕೆ, ನೂಲು, ಒಗೆದು ಮೆತ್ತಗಾದ ಹಳೆಯ ಸೀರೆ. ಎರಡು ಮನೆಗೂ ಸೇರಿದ ಜಗಲಿಯ ನಡುವೆ ಗಂಟು ಬಿಚ್ಚಿಟ್ಟು ಕೂತು, ಇಬ್ಬರನ್ನೂ ಹೆಸರು ಹಿಡಿದು ಕರೆದಳು.

"ಈ ಮನೇಲಿ ಆರು ಮಕ್ಳನ್ನ ಇಡ್ಕಂಡಿವ್ನಿ. ಬಸ್ರು ಒಂದು ಮನೇಲಿ, ಎರಿಗೆ ಒಂದು ಮನೇಲಿ ಅನ್ನೋದ ಎಲ್ಲೂ ಕಂಡಿಲ್ಲ. ಎಲ್ಡನ್ನೂ ಈಚ್ಗೆ ತನ್ನಿ. ನಾನು ಬಂದಿವ್ನಿ, ಇನ್ನೇನೂ ಬಯ ಇಲ್ಲ, ಓದಿ" ಎಂದಳು.

ಅಪ್ಪ ದಪ್ಪನೆಯದನ್ನು ತಂದರು, ಚಿಕ್ಕಪ್ಪ ತೆಳ್ಳನೆಯದನ್ನು. ಒಬ್ಬರ ಮುಖ ಒಬ್ಬರು ನೋಡದೆ ಅವಳ ಎಡಕ್ಕೊಬ್ಬರು ಬಲಕ್ಕೊಬ್ಬರು ಕೂತರು. ಅಪ್ಪ ಬೆತ್ಲೆಹೇಮಿನ ಹೆಸರು ಬರುವ ಭಾಗ ಓದಿದರು. ಚಿಕ್ಕಪ್ಪ ಅಕ್ಷರ ಕೂಡಿಸಿಕೊಂಡು ಮುಂದುವರಿಸಿದರು. ಛತ್ರದಲ್ಲಿ ಸ್ಥಳ ಸಿಕ್ಕಲಿಲ್ಲ ಎಂದಾಗ ಕೆಂಪಮ್ಮ ಎದ್ದು ನಿಂತಳು. ಮಗುವನ್ನು ಬಟ್ಟೆಯಲ್ಲಿ ಸುತ್ತಿ ದನಕ್ಕೆ ಮೇವು ಹಾಕುವ ಗೋದಲಿಯಲ್ಲಿ ಮಲಗಿಸಿದರು ಎಂದಾಗ, ಕೊಟ್ಟಿಗೆಯಲ್ಲಿ ಬೆಚ್ಚಗಿರುತ್ತದೆ, ಚಿಂತೆ ಇಲ್ಲ ಎಂದು ಕೂತಳು. ಕೂತವಳು ಕೇಳಿದಳು:

"ಮಗೀನ ಇಡ್ಕಂಡೋರು ಯಾರು?"

ಚಿಕ್ಕಪ್ಪ ಪುಟದ ಮೇಲೆ ಬೆರಳಾಡಿಸಿದರು. ಹಿಂದಿನ ಪುಟ ನೋಡಿದರು, ಮುಂದಿನ ಪುಟ ನೋಡಿದರು. ಅಪ್ಪನಿಗೆ ತಡೆಯಲಾಗಲಿಲ್ಲ.

"ಇನ್ನೊಂದು ಕಿತ ನೋಡ್ಲಾ, ದಾವೀದ" ಎಂದರು.

ಮೂರು ತಿಂಗಳಲ್ಲಿ ತಮ್ಮನ ಜೊತೆ ಅವರು ಆಡಿದ ಮೊದಲನೆಯ ಮಾತು ಅದು.

"ಬರ್ದಿಲ್ಲ ಕಣಣ್ಣ" ಎಂದರು ಚಿಕ್ಕಪ್ಪ. "ನಿನ್ನ ಕಡೆ ಏನಾರ ಇದ್ದಾತಾ ನೋಡು."

ಅಪ್ಪ ದಪ್ಪ ಪುಸ್ತಕದಲ್ಲಿ ಹುಡುಕಿದರು. ಚಿಕ್ಕಪ್ಪ ಎದ್ದು ಬಂದು ಅವರ ಭುಜದ ಮೇಲಿಂದ ಬಗ್ಗಿ ನೋಡಿದರು. ಇಬ್ಬರು ಬಡಗಿಗಳೂ ತಲೆಗೆ ತಲೆ ತಾಗಿಸಿಕೊಂಡು ಒಬ್ಬ ಸೂಲಗಿತ್ತಿಗಾಗಿ ಪುಟ ತಿರುವಿದರು. ಕೊನೆಗೆ ಇಬ್ಬರು ಸೂಲಗಿತ್ತಿಯರು ಸಿಕ್ಕರು, ಹೆಸರು ಸಮೇತ. ಆದರೆ ಅವರು ಮೋಶೆಯ ಕಾಲದವರು, ಐಗುಪ್ತದಲ್ಲಿದ್ದವರು. ಈ ಹೆರಿಗೆಗೆ ಬರುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷದ ಅಂತರ. ಅಪ್ಪ ಅದನ್ನು ತಪ್ಪೊಪ್ಪಿಕೊಳ್ಳುವವರ ಹಾಗೆ ತಿಳಿಸಿದರು.

"ಅವ್ರ ಮೊಮ್ಮಕ್ಳೋ ಮರಿಮಕ್ಳೋ ಬಂದಿರ್ತಾರೆ ಬುಡು" ಎಂದಳು ಕೆಂಪಮ್ಮ. "ಬರ್ಯೋರು ಮರ್ತಿರ್ತಾರೆ. ಮಗ ಅತ್ತಾಗ ಎಲ್ರೂ ಮಗೀನೇ ನೋಡೋದು. ಇಡ್ಕಂಡೋಳ್ನ ಯಾರು ನೋಡ್ತಾರೆ?"

ಒಳಗೆ ಅಮ್ಮ ಅಪ್ಪನನ್ನು ಕೇಳದೆ ಬಾಣಲೆ ಇಟ್ಟಳು. ಹಿಟ್ಟು ಎಲ್ಲಿಂದ ಬಂತೆಂದರೆ, ಅಕ್ಕಿಯನ್ನು ಚಿಕ್ಕಮ್ಮ ಗೋಡೆಯ ಆಚೆ ಮೂರು ದಿನದ ಹಿಂದೆಯೇ ನೆನೆಸಿದ್ದಳಂತೆ. ಹೆಂಗಸರು ಯಾವಾಗ ರಾಜಿಯಾಗಿದ್ದರೆಂದು ಗಂಡಸರು ಕೇಳಲಿಲ್ಲ. ಮೊದಲನೆಯ ಕಜ್ಜಾಯ ಕೆಂಪಮ್ಮನಿಗೆ ಹೋಯಿತು. ಬಾಣಂತಿ ಮರಿಯಳಿಗೆ ಎಣ್ಣೆಯ ತಿಂಡಿ ಆಗದು ಎಂದು ಎರಡನೆಯದನ್ನೂ ಅವಳೇ ತಿಂದಳು.

ಗೋಡೆಯನ್ನು ಯಾರೂ ಕೆಡವಲಿಲ್ಲ. ಅದರ ಮೇಲೆ ಕೊತ್ತಂಬರಿ ಒಣಗಿಸುವುದಕ್ಕೆ ಅನುಕೂಲವಾಗಿತ್ತು. ಪುಸ್ತಕವನ್ನು ಮಾತ್ರ ಹೊಸ ವರ್ಷದಲ್ಲಿ ಮೈಸೂರಿಗೆ ಒಯ್ದು ರಟ್ಟು ಕಟ್ಟುವವನೊಬ್ಬನಿಗೆ ಕೊಟ್ಟರು. ಅವನಿಗೆ ಕಣ್ಣು ಮಂಜೋ, ಅಣ್ಣ ತಮ್ಮಂದಿರು ಇಬ್ಬರೂ ಒಟ್ಟಿಗೆ ಎರಡೆರಡು ಸಲಹೆ ಕೊಟ್ಟರೋ, ಹೊಸ ಒಡಂಬಡಿಕೆಯನ್ನು ತಲೆಕೆಳಗಾಗಿ ಸೇರಿಸಿ ಭದ್ರವಾಗಿ ಹೊಲಿದುಬಿಟ್ಟ. ಬಿಚ್ಚಿದರೆ ಹರಿದೀತೆಂದು ಹಾಗೆಯೇ ತಂದರು. ಈಗಲೂ ಅದು ನನ್ನ ಬಳಿ ಹಾಗೆಯೇ ಇದೆ. ಪ್ರವಾದಿಗಳೆಲ್ಲ ಮುಗಿದು ಮಗು ಹುಟ್ಟುವ ಜಾಗಕ್ಕೆ ಬಂದಾಗ, ಓದುವವರು ಆ ಭಾರದ ಪುಸ್ತಕವನ್ನು ತೊಡೆಯ ಮೇಲೆ ಬುಡಮೇಲು ಮಾಡಿ, ಹಿಂದಿನಿಂದ ತೆರೆದು, ಪುಟ ಹುಡುಕಬೇಕು. ಅಷ್ಟು ಹೊತ್ತು ಎಲ್ಲರೂ ಕಾಯುತ್ತೇವೆ. ಕಳೆದ ಸಲ ಮೊಮ್ಮಗಳು ತನ್ನ ಶಾಲೆಯ ಹೊಚ್ಚ ಹೊಸ ಪುಸ್ತಕದಲ್ಲಿ ಇದೇ ಭಾಗವನ್ನು ಥಟ್ಟನೆ ತೆಗೆದಳು. ನಾವೆಲ್ಲ ಇನ್ನೂ ಕಾಯುತ್ತಿರುವುದನ್ನು ಕಂಡು, ಅದನ್ನೂ ತಲೆಕೆಳಗು ಮಾಡಿ ಹಿಡಿದುಕೊಂಡು ಓದುವುದಕ್ಕೆ ಶುರು ಮಾಡಿದಳು. ನಾನು ತಿದ್ದಲಿಲ್ಲ.