‘ಎಂತ’ ಅಲ್ಲ, ‘ಏನು’

ಕರಾವಳಿಯ ಬಂದ್ಯೋಡಿನ ಶಾಲೆಯೊಂದಕ್ಕೆ ಶಿಕ್ಷಕರ ತರಬೇತಿಗೆಂದು ಹೋಗಿದ್ದೆ. ಒತ್ತಡದಿಂದ ಮಕ್ಕಳ ಮೆದುಳು ಹೇಗೆ ಬದಲಾಗುತ್ತದೆ ಎಂಬುದು ನನ್ನ ಪಾಠ. ಬ್ಯಾರಿ ಮನೆಮಾತಿನ ಆಯಿಶಾ ಟೀಚರ್ ಎದ್ದು ನಿಂತರು.

“ಸರ್, ದಿನಾ ಹೆದರುವ ಮಕ್ಕಳ ಮೆದುಳಿಗೆ ಎಂತ ಆಗ್ತದೆ?”

“‘ಎಂತ’ ಅಲ್ಲ, ‘ಏನು’. ಸರಿಯಾಗಿ ಕೇಳಿ,” ಎಂದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಕನ್ನಡವನ್ನು ಪುಸ್ತಕದಿಂದ ಕಲಿತವನು ನಾನು. ಅವರು ಇನ್ನೆರಡು ಸಲ ಕೇಳಲು ಹೋಗಿ ತಡವರಿಸಿದರು. ಎರಡು ಸಲವೂ ತಿದ್ದಿದೆ. ಆಮೇಲೆ ಅವರು ಪ್ರಶ್ನೆಯನ್ನು ಅರ್ಧಕ್ಕೇ ಬಿಟ್ಟರು.

“ಕೇಳಿ, ಸಂಕೋಚವೇಕೆ?”

“ಮರೆತುಹೋಯಿತು ಸರ್.”

ಪಕ್ಕದಲ್ಲಿ ಕೂತಿದ್ದ ಲಿಲ್ಲಿ ಟೀಚರ್, ಆಯಿಶಾ ಟೀಚರ ಸೆರಗು ಎಳೆದರು. “ಉತ್ತರ ಸಿಕ್ಕಿತಲ್ಲ ಮಾರಾಯ್ತಿ, ಕೂತ್ಕೊ.”

ಎಲ್ಲರೂ ನಕ್ಕರು. ಆಯಿಶಾ ಟೀಚರ್ ನಗಲಿಲ್ಲ. ಹೆದರಿಕೆ ಹೋದರೆ ಮೆದುಳಿನಲ್ಲಿ ಹೊಸ ಎಳೆಗಳು ಬೆಳೆಯುತ್ತವೆ ಎಂದಿದ್ದ ಟಿಪ್ಪಣಿಯ ಮುಂದಿನ ಪುಟವನ್ನು ನಾನು ತಲೆಯೆತ್ತದೆ ಓದಿ ಮುಗಿಸಿದೆ. ಕನ್ನಡವೇನೋ ಶುದ್ಧವಾಗಿಯೇ ಇತ್ತು.