ಒಂಬತ್ತು ಹೊಲಿಗೆ

ಆಳಂದದ ಬಸ್ ನಿಲ್ದಾಣದ ಹಿಂದೆ ಇದ್ದ ಹಳೆಯ ಟ್ರಸ್ಟ್ ಆಸ್ಪತ್ರೆಯಲ್ಲಿ ಶಮಶಾದ ಇಪ್ಪತ್ತಾರು ವರ್ಷ ಆಪರೇಷನ್ ಥಿಯೇಟರಿನ ಸಿಸ್ಟರ್ ಆಗಿದ್ದಳು. ಹುಟ್ಟೂರು ಖಜೂರಿ. ತಂದೆ ಖಾದರಸಾಬ ಸೊಲ್ಲಾಪುರದ ಕಡೆಗೆ ಲಾರಿ ಓಡಿಸುತ್ತಿದ್ದವನು. ಮಗಳು ರಕ್ತ ಕಂಡರೆ ಹೆದರುವುದಿಲ್ಲ ಎಂದು ಹೆಮ್ಮೆಯಿಂದ ನರ್ಸಿಂಗ್ ಓದಿಸಿದ್ದ. ನಿವೃತ್ತಳಾಗುವ ಹೊತ್ತಿಗೆ ಗಂಡ ತೀರಿಹೋಗಿ ಹತ್ತು ವರ್ಷವಾಗಿತ್ತು. ಮಗಳು ಗುಲನಾಜ ಆಳಂದದಲ್ಲೇ ಉರ್ದು ಶಾಲೆಯ ಟೀಚರು, ತಾಯಿಯ ಜೊತೆಗೇ ಇದ್ದಳು.

ಆ ಆಸ್ಪತ್ರೆಗೆ ಜೇವರ್ಗಿ ತಾಲೂಕಿನ ಅಂದೋಲಾದಿಂದ ಮಹೇಶಕುಮಾರ ಎಂಬ ತರುಣ ಸರ್ಜನ್ ಬಂದಾಗ ಶಮಶಾದ ಮೊದಲು ಸಿಡಿಮಿಡಿಗೊಂಡಿದ್ದಳು. ಅವರು ಎಡಗೈಯಲ್ಲೇ ಕೆಲಸ ಮಾಡುವವರು. ಕತ್ತರಿ, ಚಿಮಟಿಗೆ, ಸೂಜಿ, ಎಲ್ಲವನ್ನೂ ಟ್ರೇಯಲ್ಲಿ ತಿರುಗಿಸಿ ಇಡಬೇಕು, ತಾನು ಮೇಜಿನ ಆಚೆ ಬದಿಗೆ ಹೋಗಿ ನಿಲ್ಲಬೇಕು. ತಿಂಗಳೊಪ್ಪತ್ತಿನಲ್ಲಿ ಅದೇ ರೂಢಿಯಾಯಿತು. ಕೆಲಸ ಮಾತ್ರ ನೋಡುವಂತಿತ್ತು. ಬೇರೆಯವರು ಮೂರು ಸುತ್ತಿಗೆ ಗಂಟು ಮುಗಿಸಿದರೆ ಅವರು ನಾಲ್ಕನೆಯದೊಂದು ಸುತ್ತು ಹಾಕಿಯೇ ಬಿಡುತ್ತಿದ್ದರು. ಬೇರೆಯವರ ಗಂಟು ಗಾಯದ ಒಂದು ಮಗ್ಗುಲಿಗೆ ಕೂತರೆ ಅವರದು ಇನ್ನೊಂದು ಮಗ್ಗುಲಿಗೆ. ವಾರ್ಡಿನಲ್ಲಿ ರೋಗಿಯ ಪಟ್ಟಿ ಬಿಚ್ಚಿದ ಕೂಡಲೇ ಇದು ಯಾರ ಕೈಕೆಲಸ ಎಂದು ಶಮಶಾದ ಹೇಳಿಬಿಡುತ್ತಿದ್ದಳು. ಹೊಸಬರು ಬಂದರೆ ಡಾಕ್ಟರು, "ನಂದು ಎರಡೇ ಕೈ ಅಲ್ಲ, ಇನ್ನೆರಡು ಆಪಾನ ಹತ್ರ ಅವ," ಎನ್ನುತ್ತಿದ್ದರು. ಅಕ್ಕ ಎನ್ನುವ ಅರ್ಥದಲ್ಲಿ ಆಪಾ ಎಂದೇ ಅವಳನ್ನು ಕರೆಯುತ್ತಿದ್ದುದು.

ಅವರ ಮೇಲೆ ಅವಳಿಗಿದ್ದ ಭರವಸೆಗೆ ಇನ್ನೊಂದು ಕಾರಣವಿತ್ತು. ಹೊಟ್ಟೆ ಮುಚ್ಚುವ ಮೊದಲು, ರಕ್ತ ಹೀರಲೆಂದು ಒಳಗೆ ಒತ್ತಿದ ಬಟ್ಟೆಯ ತುಂಡುಗಳನ್ನು ಎಣಿಸಿ ಎಲ್ಲ ಹೊರಗೆ ಬಂದಿವೆ ಎಂದು ಹೇಳುವುದು ಸಿಸ್ಟರ್ ಕೆಲಸ. ಗಂಡ ತೀರಿಕೊಂಡ ವರ್ಷ ಒಮ್ಮೆ ಅವಳ ಎಣಿಕೆ ತಪ್ಪಿತು. ಎಲ್ಲ ಸರಿ ಇದೆ ಎಂದಳು. ಡಾಕ್ಟರು ಸೂಜಿ ಹಿಡಿದವರು ಯಾಕೋ ತಡೆದು, ಕೈ ಒಳಗೆ ಹಾಕಿ, ಪಿತ್ತಕೋಶದ ಕೆಳಗಿನಿಂದ ಒಂದು ತುಂಡನ್ನು ತೆಗೆದು ಅವಳ ಟ್ರೇಯಲ್ಲಿಟ್ಟರು. ಏನೂ ಅನ್ನಲಿಲ್ಲ. ಆ ಮಾತು ಆ ಕೋಣೆಯ ಬಾಗಿಲು ದಾಟಲಿಲ್ಲ. ಅಂದಿನಿಂದ ಶಮಶಾದ ನಮಾಜಿನ ನಂತರದ ತನ್ನ ದುವಾದಲ್ಲಿ ಆ ಮನುಷ್ಯನ ಹೆಸರನ್ನೂ ಸೇರಿಸುತ್ತಿದ್ದಳು.

ಮುಂದೆ ಮಹೇಶಕುಮಾರ ಆಳಂದ ಬಿಟ್ಟು ಜೇವರ್ಗಿಯಲ್ಲಿ ತಮ್ಮದೇ ನರ್ಸಿಂಗ್ ಹೋಂ ತೆರೆದರು. ಶಮಶಾದ ನಿವೃತ್ತಳಾದ ವರ್ಷ ಅವರೇ ಒಂದು ದಿನ ಮನೆಗೆ ಬಂದರು. ಹೈದರಾಬಾದಿನಲ್ಲಿ ಒಂದು ಕಂಪನಿ ಆಪರೇಷನ್ ಮಾಡುವ ರೋಬೋಟ್ ತಯಾರಿಸುತ್ತಿದೆ, ತಾವು ಅದಕ್ಕೆ ಸಲಹೆಗಾರರು ಎಂದರು. ಸರ್ಜನ್ ಎಲ್ಲೋ ಕೂತು ಕೈ ಆಡಿಸಿದರೆ ಯಂತ್ರದ ತೋಳು ಇಲ್ಲಿ ಹೊಟ್ಟೆಯೊಳಗೆ ಹೊಲಿಯುತ್ತದೆ. ವಿದೇಶಿ ಯಂತ್ರಕ್ಕೆ ಕೋಟಿಗಟ್ಟಲೆ ಬೇಕು. ಇದಕ್ಕೆ ಅದರ ಕಾಲುಭಾಗ ಸಾಕು.

"ಮೊದಲ್ನೇ ಮಷೀನು ನಮ್ಮ ಭಾಗಕ್ಕ ಬರ್ತದ, ಆಪಾ. ಆಳಂದ, ಅಫಜಲಪುರ, ಜೇವರ್ಗಿ, ಮೂರಕ್ಕೂ ಸೇರಿ ಒಂದು ಸೆಂಟರ್. ಹುಡುಗಿಯರಿಗೆ ಟ್ರೇನಿಂಗ್ ಕೊಡಾಕ ನಿಮ್ಮನ್ನ ಬಿಟ್ರ ಯಾರದಾರ?"

ಕಲಬುರಗಿಯ ಹೋಟೆಲೊಂದರಲ್ಲಿ ಪ್ರದರ್ಶನ ಏರ್ಪಾಡಾಗಿತ್ತು. ಮೂರೂ ತಾಲೂಕುಗಳಿಂದ ನಲವತ್ತು ಜನ: ಅಡತಿಯವರು, ಮೇಷ್ಟರು, ಔಷಧಿ ಅಂಗಡಿಯವರು. ವೇದಿಕೆಯ ಮೇಲೆ ಬಿಳಿ ಯಂತ್ರ, ಅದಕ್ಕೆ ಮೂರು ತೋಳು. ಹೈದರಾಬಾದಿನಲ್ಲಿ ಕೂತ ಇಂಜಿನಿಯರ್ ಹುಡುಗಿಯೊಬ್ಬಳು ಅಲ್ಲಿಂದಲೇ ಇದನ್ನು ನಡೆಸುತ್ತಾಳೆ ಎಂದು ಪರದೆಯ ಮೇಲೆ ಅವಳ ಮುಖ ತೋರಿಸಿದರು. ಮಹೇಶಕುಮಾರ ಮೈಕ್ ಹಿಡಿದು ಯಂತ್ರದ ಬಗ್ಗೆ, ಕಂಪನಿಯ ಶೇರು ಕೊಳ್ಳುವ ಬಗ್ಗೆ ವಿವರಿಸುತ್ತಿದ್ದರು. ತೋಳುಗಳು ಆಡಿದವು, ಪರದೆಯಲ್ಲಿ ಸೂಜಿ ಮಿಂಚಿತು. ಕೊನೆಗೆ ತರಬೇತಿಗೆ ಬಳಸುವ ರಬ್ಬರ್ ಚರ್ಮದ ತುಂಡೊಂದನ್ನು ತಟ್ಟೆಯಲ್ಲಿಟ್ಟು ಎಲ್ಲರ ಮುಂದೆ ಹಿಡಿದರು. ಮೇಲೆ ಸಾಲಾಗಿ ಒಂಬತ್ತು ಹೊಲಿಗೆ. ಜನ ಚಪ್ಪಾಳೆ ತಟ್ಟಿದರು. ಶಮಶಾದಳ ಕಣ್ಣು ತುಂಬಿತು. ಅವಳ ತಾಯಿ ಕರುಳು ತಿರುಚಿಕೊಂಡು ಸೊಲ್ಲಾಪುರದ ದಾರಿಯಲ್ಲೇ ಜೀವ ಬಿಟ್ಟಿದ್ದಳು. ಇಂಥದೊಂದು ಅಂದು ಹತ್ತಿರದಲ್ಲಿದ್ದಿದ್ದರೆ ಎಂದು ಅವಳಿಗೆ ಅನ್ನಿಸಿತು.

ಮರುವಾರ ಪಿ.ಎಫ್., ಗ್ರಾಚ್ಯುಟಿ ಎರಡೂ ಸೇರಿಸಿ ಕಂಪನಿಯ ಶೇರು ಕೊಂಡಳು. ಗುಲನಾಜ, "ಅಮ್ಮೀ, ಜರಾ ತಡೀ, ಯಾರಿಗರೆ ಕೇಳೋಣ," ಅಂದಾಗ, "ಕೇಳಾಕ ಅವರಿಗಿಂತ ದೊಡ್ಡವರು ಯಾರದಾರ?" ಎಂದು ಬಾಯಿ ಮುಚ್ಚಿಸಿದಳು. ಅಷ್ಟಕ್ಕೇ ನಿಲ್ಲದೆ ನರೋಣಾದ ಸಾಬವ್ವನಿಗೂ ಹೇಳಿದಳು. ಸಾಬವ್ವ ಅದೇ ಥಿಯೇಟರಿನಲ್ಲಿ ನೆಲ ಒರೆಸುತ್ತ, ರಕ್ತದ ಬಟ್ಟೆ ತೊಳೆಯುತ್ತ, ವಾರ್ಡಿನಲ್ಲಿ ಪಟ್ಟಿ ಬಿಚ್ಚಲು ನೆರವಾಗುತ್ತ ಹದಿನೆಂಟು ವರ್ಷ ದುಡಿದವಳು. ತನ್ನ ಪಿ.ಎಫ್. ಹಣದಲ್ಲಿ ಮನೆಗೆ ಸ್ಲ್ಯಾಬ್ ಹಾಕಿಸಬೇಕೆಂದಿದ್ದಳು. ಶಮಶಾದಳ ಮಾತಿನ ಮೇಲೆ ಅದನ್ನು ತಂದುಕೊಟ್ಟಳು.

ಡಾಕ್ಟರು ಆ ರಬ್ಬರ್ ಚರ್ಮಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಶಮಶಾದಳಿಗೆ ಉಡುಗೊರೆ ಕೊಟ್ಟಿದ್ದರು. ಅವಳು ಅದನ್ನು ನಡುಮನೆಯಲ್ಲಿ ತೂಗುಹಾಕಿದಳು. ಬಂದವರಿಗೆಲ್ಲ ತೋರಿಸುತ್ತಿದ್ದಳು.

ಒಂದೂವರೆ ವರ್ಷ ಕಳೆಯಿತು. ಯಂತ್ರ ಬರಲಿಲ್ಲ. ಸರ್ಕಾರದ ಅನುಮತಿ ಬಾಕಿ ಇದೆ, ಬಿಡಿಭಾಗ ಬಂದರಿನಲ್ಲಿದೆ ಎಂದು ಮೊದಮೊದಲು ಸಂದೇಶಗಳು ಬರುತ್ತಿದ್ದವು, ಆಮೇಲೆ ಅವೂ ನಿಂತವು. ಕೇಳಿದರೆ ಮಹೇಶಕುಮಾರ, "ದೊಡ್ಡ ಕೆಲಸ ಆಪಾ, ಟೈಮ್ ಹಿಡಿತದ," ಎನ್ನುತ್ತಿದ್ದರು. ಅವಳು ಅದನ್ನೇ ಸಾಬವ್ವನಿಗೆ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಸಾಬವ್ವ ತಾನೇ ಆಳಂದಕ್ಕೆ ಬಂದಳು. ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ಎದ್ದು ಆ ಚೌಕಟ್ಟಿನ ಮುಂದೆ ನಿಂತಳು. ಅವಳು ಅದನ್ನು ನೋಡಿದ್ದು ಅದೇ ಮೊದಲು.

"ಇದು ಡಾಕ್ಟರ್ ಸಾಹೇಬರ ಹೊಲಿಗಿ ಅಲ್ರಿ, ಸಿಸ್ಟರ?"

"ಏ ಹುಚ್ಚಿ, ಅದು ಮಷೀನು ಹೊಲದದ್ದು ಬೇ."

"ಹಂಗಾದ್ರ ಗಂಟು ಯಾಕ ಆ ಕಡಿ ಕುಂತಾವ್ರಿ? ನಾ ಎಷ್ಟು ಮಂದಿ ಪಟ್ಟಿ ಬಿಚ್ಚಿಲ್ಲ. ಇವು ಅವರವೇ."

ಶಮಶಾದ ರೇಗಿದಳು. ಓದು ಬರದವಳಿಗೆ ಇದೆಲ್ಲ ಏನು ತಿಳಿಯುತ್ತದೆ ಎಂದುಬಿಟ್ಟಳು. ಸಾಬವ್ವ ಮುಖ ಸಣ್ಣ ಮಾಡಿಕೊಂಡು ಬಸ್ಸಿಗೆ ಹೊರಟಳು. ಅವಳು ಹೋದ ಮೇಲೆ ಶಮಶಾದ ಕನ್ನಡಕ ಹಾಕಿಕೊಂಡು ಚೌಕಟ್ಟನ್ನು ಇಳಿಸಿದಳು. ಹಿಂದಿನ ಮೊಳೆ ಕಿತ್ತು ರಬ್ಬರನ್ನು ಹೊರಗೆ ತೆಗೆದು, ಬಾಗಿಲ ಬೆಳಕಿಗೆ ಹಿಡಿದು, ಸೂಜಿಯ ತುದಿಯಿಂದ ಒಂದು ಗಂಟು ಬಿಡಿಸಿದಳು. ಒಂದು ಸುತ್ತು, ಎರಡು, ಮೂರು, ನಾಲ್ಕು. ಮುಂದಿನದೂ ನಾಲ್ಕು. ಒಂಬತ್ತೂ ನಾಲ್ಕೇ. ದಿನಾ ಕಣ್ಣೆದುರಿಗೇ ಇತ್ತು. ಸಾಬವ್ವ ಒಂದೇ ಸಲಕ್ಕೆ ಕಂಡದ್ದು ತನಗೆ ಒಂದೂವರೆ ವರ್ಷ ಕಾಣಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಕಲಬುರಗಿ, ಅಲ್ಲಿಂದ ಜೇವರ್ಗಿ. ನರ್ಸಿಂಗ್ ಹೋಮಿನಲ್ಲಿ ಜನ ತುಂಬಿದ್ದರು. ಅವಳನ್ನು ಕಂಡು ಮಹೇಶಕುಮಾರ ಎದ್ದು ನಿಂತರು.

"ಬರ್ರಿ ಆಪಾ, ಬರ್ರಿ. ಫೋನ್ ಮಾಡಿದ್ರ ಗಾಡಿ ಕಳಸ್ತಿದ್ದೆ. ಚಾ ಹೇಳ್ಲಿ?"

ಅವಳು ಚೀಲದಿಂದ ರಬ್ಬರಿನ ತುಂಡು ತೆಗೆದು ಮೇಜಿನ ಮೇಲಿಟ್ಟಳು. "ಇದನ್ನ ಯಾರು ಹೊಲದಾರ್ರಿ, ಸಾಹೇಬ್ರ?"

"ನೀವೇ ನೋಡಿರಲ್ಲ. ಮಷೀನು."

"ಮಷೀನು ಎಡಗೈದೇನ್ರಿ?"

ಡಾಕ್ಟರು ಬಾಗಿಲತ್ತ ನೋಡಿದರು, ಹೋಗಿ ಅದನ್ನು ಮುಚ್ಚಿ ಬಂದು ಕೂತರು. ಆಮೇಲೆ ಹೇಳಿದರು: ತೋಳು ಆಡುವಷ್ಟು ಮಾತ್ರ ತಯಾರಾಗಿತ್ತು. ಸೂಜಿ ಹಿಡಿದರೆ ನಡುಗುತ್ತಿತ್ತು. ಜನರನ್ನು ಕರೆದಾಗಿತ್ತು. ಹಿಂದಿನ ದಿನ ತಾವೇ ಇದೇ ಮೇಜಿನ ಮೇಲೆ ಹೊಲಿದು ಒಯ್ದಿದ್ದರು. ಪರದೆಯ ಮೇಲಿನ ಸೂಜಿ ಬೇರೆ ಯಾವುದೋ ಯಂತ್ರದ ಚಿತ್ರ.

"ಖರೇ ಹೇಳ್ತೇನಿ ಆಪಾ, ಆರು ತಿಂಗಳು ಸಿಕ್ಕಿದ್ರ ಅದು ಹೊಲಿತಿತ್ತು. ನಾನೂ ನಂಬಿದ್ದೆ."

"ನೀವು ನಿಮ್ಮ ರೊಕ್ಕ ಎಷ್ಟು ಹಾಕೀರಿ?"

ತಾವು ಕರೆತಂದ ಒಬ್ಬೊಬ್ಬರ ಮೇಲೂ ಅವರಿಗೆ ಕಮಿಷನ್ ಬಂದಿತ್ತೆಂದು ಅವಳಿಗೆ ತಿಳಿದದ್ದು ಮುಂದೆ ಪೊಲೀಸರಿಂದ. ಆಗ ಅವರು ಅಂದದ್ದು ಇಷ್ಟು: "ನಿಮ್ಮ ರೊಕ್ಕ ನಾ ಕೊಡ್ತೇನಿ. ಪೂರಾ. ಮೂರು ತಿಂಗಳದಾಗ. ಈ ಮಾತು ಮಾತ್ರ ಇಲ್ಲೇ ಇರ್ಲಿ."

"ಸಾಬವ್ವಂದು?"

"ಎಲ್ಲರಿಗೂ ಕೊಡಾಕ ಎಲ್ಲಿಂದ ತರ್ಲಿ ಆಪಾ?"

ಅವಳು ತುಂಡನ್ನು ಎತ್ತಿಕೊಂಡು ಏಳುತ್ತಿದ್ದಂತೆ ಅವರು ದನಿ ತಗ್ಗಿಸಿದರು. "ಆವತ್ತು ಹೊಟ್ಟ್ಯಾಗ ಬಿಟ್ಟ ಬಟ್ಟಿ ಮಾತು ನಾ ಇವತ್ತಿನ ತನ ಯಾರ ಮುಂದರೆ ಆಡೀನೇನು?"

ಹಣ ಹೋದದ್ದಕ್ಕೆ ಆಗದಿದ್ದ ಸಂಕಟ ಆಗ ಆಯಿತು. ಇಷ್ಟು ವರ್ಷ ಅವಳು ದೊಡ್ಡತನ ಎಂದುಕೊಂಡದ್ದನ್ನು ಈ ಮನುಷ್ಯ ಬೇಕಾದಾಗ ತೆಗೆಯಲು ಜೋಪಾನ ಮಾಡಿಟ್ಟಿದ್ದ. ರಬ್ಬರಿನ ತುಂಡನ್ನು ಚೀಲಕ್ಕೆ ಹಾಕಿಕೊಂಡಳು.

"ಅದನ್ನ ನಾನೇ ಹೇಳ್ತೇನ್ರಿ, ಸಾಹೇಬ್ರ. ನಿಮ್ಮದು ನೀವು ಹೇಳ್ರಿ."

ಕಲಬುರಗಿಯಲ್ಲಿ ದೂರು ಬರೆಸುವಾಗ ಅವಳು ಹಾಗೆಯೇ ಮಾಡಿದಳು. ಬಟ್ಟೆ ತುಂಡಿನ ಸಂಗತಿ ಈ ಕೇಸಿಗೆ ಬೇಕಿಲ್ಲ ಎಂದು ಅಧಿಕಾರಿ ಅಂದರೂ, ಬರೀರಿ ಎಂದು ಹಟ ಹಿಡಿದು ಬರೆಸಿದಳು. ಹೈದರಾಬಾದಿನ ಕಚೇರಿಗೆ ಪೊಲೀಸರು ಹೋದಾಗ ಅಲ್ಲಿ ಬಟ್ಟೆ ಅಂಗಡಿಯ ಗೋದಾಮು ಇತ್ತು. ಕಂಪನಿಯ ಇಬ್ಬರು ಸಿಕ್ಕಿಬಿದ್ದರು. ಮಹೇಶಕುಮಾರ ಜಾಮೀನಿನ ಮೇಲೆ ಬಂದು ಮತ್ತೆ ನರ್ಸಿಂಗ್ ಹೋಂ ನಡೆಸತೊಡಗಿದರು. ಕೇಸು ನಡೆದೇ ಇದೆ. ಅಫಜಲಪುರದ ಔಷಧಿ ಅಂಗಡಿಯವನೊಬ್ಬ ಫೋನು ಮಾಡಿ ಬೈದ: ಬಾಯಿ ಮುಚ್ಚಿಕೊಂಡಿದ್ದರೆ ಒಬ್ಬೊಬ್ಬರಾಗಿ ವಸೂಲು ಮಾಡಿಕೊಳ್ಳುತ್ತಿದ್ದೆವು, ನಿನ್ನಿಂದ ಅದೂ ಹೋಯಿತು.

ನರೋಣಾಕ್ಕೆ ಹೋಗುವುದು ಎಲ್ಲಕ್ಕಿಂತ ಕಷ್ಟವಾಯಿತು. ಸಾಬವ್ವ ಹೊಸ್ತಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಎಲ್ಲ ಕೇಳಿದಳು, ಕೈ ನಿಲ್ಲಿಸಲಿಲ್ಲ.

"ನಾ ಮಷೀನು ನೋಡಿ ರೊಕ್ಕ ಕೊಟ್ಟಿಲ್ರಿ. ಡಾಕ್ಟರ್ನ ನೋಡಿನೂ ಕೊಟ್ಟಿಲ್ಲ. ನಿಮ್ಮನ್ನ ನೋಡಿ ಕೊಟ್ಟೇನಿ."

ಅರವತ್ತೊಂದನೆಯ ವಯಸ್ಸಿನಲ್ಲಿ ಶಮಶಾದ ಖಜೂರಿಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸಕ್ಕೆ ಸೇರಿದಳು. ಸಂಬಳದ ಅರ್ಧ ಪ್ರತಿ ತಿಂಗಳೂ ನರೋಣಾಕ್ಕೆ ಹೋಗುತ್ತದೆ. ಸಾಬವ್ವ ತೆಗೆದುಕೊಳ್ಳುತ್ತಾಳೆ, ಒಳಗೆ ಬಾ ಎನ್ನುವುದಿಲ್ಲ.

ಮೊನ್ನೆ ಪಕ್ಕದ ಮನೆಯ ದೌಲತರಾಯ ಬಂದಿದ್ದ. ಹೆಂಡತಿಗೆ ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಬೇಕು, ಸೊಲ್ಲಾಪುರಕ್ಕೆ ಒಯ್ಯಲೋ ಎಲ್ಲಿಗೆ ಒಯ್ಯಲೋ ತಿಳಿಯದೆ ಕೇಳಿದ. ಶಮಶಾದ ಅವಳ ಸ್ಕ್ಯಾನಿನ ಕಾಗದಗಳನ್ನು ಎರಡು ಸಲ ಓದಿದಳು. ಉತ್ತರ ಅವಳಿಗೆ ಮೊದಲೇ ಗೊತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

"ಜೇವರ್ಗಿಗೆ ಒಯ್ರಿ," ಅಂದಳು ಕೊನೆಗೆ. "ಮಹೇಶಕುಮಾರ ಡಾಕ್ಟರ್ ಹತ್ರ. ಅವರ ಕೈ ಚೊಲೋ ಅದ."

ಒಳಗಿದ್ದ ಗುಲನಾಜ ಬಾಗಿಲಿಗೆ ಬಂದು ತಾಯಿಯ ಮುಖ ನೋಡಿದಳು. ಶಮಶಾದ ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿ ದೌಲತರಾಯನ ಕೈಗಿತ್ತಳು. ಏನೂ ತಿನ್ನಿಸದೆ ಬೆಳಿಗ್ಗೆ ಬೇಗ ಕರೆದುಕೊಂಡು ಹೋಗು, ತನ್ನ ಹೆಸರು ಮಾತ್ರ ಹೇಳಬೇಡ ಎಂದಳು.