ಎದುರಾಳಿಗೆ ಮೊದಲ ಪುಟ

ಮೊನ್ನೆ ಇಲ್ಲಿ, ಕೊಲ್ಲಿ ನಾಡಿನಲ್ಲಿ, ಬೌಷರಿನ ಜೆರಾಕ್ಸ್ ಅಂಗಡಿಯಲ್ಲಿ ವೀಸಾ ಕಾಗದಗಳ ಪ್ರತಿ ಮಾಡಿಸುತ್ತಿದ್ದೆ. ಯಂತ್ರದಿಂದ ಆಗಷ್ಟೇ ಬಂದ ಹಾಳೆ ಕೈಗೆ ಬಿಸಿಬಿಸಿಯಾಗಿ ತಾಕಿತು, ಮಸಿಯ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮೇಷ್ಟ್ರು ನೆನಪಾದರು...

ನಾವು ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿದ್ದಾಗ ಅವರು ನಮ್ಮ ಪಕ್ಕದ ಮನೆಯವರು. ಸ್ಕಾಟ್ಲೆಂಡಿನವರು, ಶಾಲೆಯಲ್ಲಿ ಇತಿಹಾಸ ಹೇಳುತ್ತಿದ್ದರು. ಮುನ್ನೂರು ವರ್ಷಗಳ ಹಿಂದೆ ಅವರ ನಾಡು ಇಂಗ್ಲೆಂಡಿನ ಜೊತೆ ಸೇರಬೇಕೋ ಬೇಡವೋ ಎಂದು ಕಿತ್ತಾಡಿದಾಗ ಹಂಚಿದ ಕರಪತ್ರಗಳ ನಕಲು ಅವರಲ್ಲಿ ಒಂದು ಪೆಟ್ಟಿಗೆ ತುಂಬ ಇತ್ತು. ಸಂಜೆ ಚಹಾ ಕುಡಿಯುತ್ತ ಓದಿ ಹೇಳುತ್ತಿದ್ದರು. ಒಬ್ಬ ಬರೆದರೆ ಬೆನ್ನಿಗೇ ಇನ್ನೊಬ್ಬನ ಜವಾಬು. ಎದುರಾಳಿಯ ಮಾತನ್ನು ಮೊದಲು ಅಚ್ಚು ಹಾಕಿ, ಅದರ ಕೆಳಗೆ ತನ್ನ ಏಟು. ಎರಡೂ ಪಕ್ಷವನ್ನು ಮೇಷ್ಟ್ರು ಒಂದೇ ಹುರುಪಿನಿಂದ ಓದುತ್ತಿದ್ದರು.

ಒಂದು ವರ್ಷ ನಮ್ಮ ಕನ್ನಡ ಕೂಟದ ಅಧ್ಯಕ್ಷರು, ಮಂಗಳೂರಿನವರು, ಮಕ್ಕಳ ಶುಕ್ರವಾರದ ಕನ್ನಡ ತರಗತಿ ನಿಲ್ಲಿಸೋಣ ಎಂದರು. ನನ್ನ ಮಗಳು ಫೋನಿನಲ್ಲಿ ಅಜ್ಜಿಯ ಜೊತೆ ನಾಲ್ಕು ಮಾತಾಡಲು ಕಲಿತದ್ದೇ ಅಲ್ಲಿ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಅಧ್ಯಕ್ಷರನ್ನು ಭಾಷಾದ್ರೋಹಿ ಎಂದು ಜರೆದು, ಹೆಸರಿಲ್ಲದ ಒಂದು ಕರಪತ್ರ ಗೀಚಿದೆ. ಶಹಭಾಸ್ ಅನ್ನಿಸಿಕೊಳ್ಳುವ ಆಸೆಯಿಂದ ಮೇಷ್ಟ್ರಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ.

ಅವರು ನಗಲಿಲ್ಲ. "ಕರಪತ್ರ ಬರೆದ ನಮ್ಮವರು ಹೆಸರು ಮುಚ್ಚಿಟ್ಟದ್ದು ಸೆರೆಮನೆಯ ಭಯಕ್ಕೆ. ನಿಮಗೆ ಯಾರ ಭಯ? ಮತ್ತೆ, ಆ ಮನುಷ್ಯ ಹೇಳಿದ್ದು ಇದರಲ್ಲಿ ಎಲ್ಲಿದೆ?"

ಮನೆಗೆ ಬಂದು ಅದನ್ನು ಹರಿದು ಹಾಕಿ, ಹೊಸದಾಗಿ ಬರೆಯಲು ಕೂತೆ. ಮೊದಲ ಪುಟ ಪೂರ್ತಿ ಅಧ್ಯಕ್ಷರಿಗೆ ಬಿಟ್ಟೆ: ಮಕ್ಕಳು ವಾರವೆಲ್ಲ ಶಾಲೆಯಲ್ಲಿ ಬಸವಳಿದಿರುತ್ತವೆ, ರಜೆಯ ದಿನವೂ ಉಕ್ತಲೇಖನ ಬರೆಸಿದರೆ ಕನ್ನಡವೆಂದರೇ ಅಳುತ್ತವೆ. ಬರೆಯುತ್ತ ಹೋದಂತೆ, ಅಯ್ಯೋ, ಇದರಲ್ಲಿ ಅರ್ಧ ನಿಜವಲ್ಲವೇ ಅನ್ನಿಸಿತು! ಎರಡನೆಯ ಪುಟದಲ್ಲಿ ನನ್ನ ಉತ್ತರ: ಉಕ್ತಲೇಖನ ಬಿಡೋಣ, ಕಥೆ ಹೇಳೋಣ, ಆಟ ಆಡಿಸೋಣ, ತರಗತಿ ಮಾತ್ರ ಇರಲಿ. ಕೆಳಗೆ ದಪ್ಪಕ್ಷರದಲ್ಲಿ ನನ್ನ ಹೆಸರು. ಜೆರಾಕ್ಸ್ ಮಾಡಿಸಿ, ಬಿಸಿ ಆರದ ಪ್ರತಿಗಳನ್ನು ಸಭೆಗೆ ಒಯ್ದೆ.

ಸಭೆಯಲ್ಲಿ ಅಧ್ಯಕ್ಷರು ಮೊದಲ ಪುಟವನ್ನು ಎರಡು ಸಲ ಓದಿದರು. "ನಾನೇ ಇಷ್ಟು ಚಂದ ಹೇಳಿರ್ಲಿಲ್ಲ ಮಾರಾಯ್ರೆ," ಎಂದರು. "ಇನ್ನು ನಿಮ್ಮ ಪುಟವನ್ನೂ ಓದ್ಲೇಬೇಕಲ್ಲ."

ಓದಿದರು. ತರಗತಿ ಉಳಿಯಿತು, ಇವತ್ತಿಗೂ ನಡೆಯುತ್ತಿದೆ. ಆ ಎರಡು ಪುಟದ ಬಗ್ಗೆ ನನಗಿರುವ ಹೆಮ್ಮೆ ಕಚೇರಿಯ ಯಾವ ಬಡ್ತಿಯ ಬಗ್ಗೆಯೂ ಇಲ್ಲ.

ಮೇಷ್ಟ್ರು ನಿವೃತ್ತರಾಗಿ ಊರಿಗೆ ಹೋದರು. ಹೋದ ವರ್ಷ ತೀರಿಕೊಂಡರಂತೆ... ಅಷ್ಟು ಸಂಜೆ ಜೊತೆಗೆ ಕೂತರೂ, ಅವರ ನಾಡಿನ ಆ ಹಳೆಯ ಜಗಳದಲ್ಲಿ ಅವರದು ಯಾವ ಪಕ್ಷ ಎಂಬ ಗುಟ್ಟು ನನಗೆ ತಿಳಿಯಲೇ ಇಲ್ಲ. ಇನ್ನು ಯಾರನ್ನು ಕೇಳಲಿ?